ವಾಂತಿ-ಭೇದಿ: ಮಕ್ಕಳಲ್ಲಿ, ದೊಡ್ಡವರಲ್ಲಿ – ಪದೇ ಪದೇ ಕೇಳುವ ಪ್ರಶ್ನೆಗಳು

ಭೇದಿ ಶುರುವಾದ ಕೂಡಲೇ ಹೆಚ್ಚಿನ ಮನೆಗಳಲ್ಲಿ ಬರುವ ಮೊದಲ ಪ್ರಶ್ನೆ, ಇದನ್ನು ನಿಲ್ಲಿಸಲು ಯಾವ ಮಾತ್ರೆ ಕೊಡಬೇಕು ಎಂಬುದು. ಆದರೆ ಜೀವ ಉಳಿಸುವುದು ಭೇದಿಯನ್ನು ತಡೆಯುವ ಮಾತ್ರೆಯಲ್ಲ. ಭೇದಿಯೊಂದಿಗೆ ಹೊರಹೋದ ನೀರನ್ನೂ ಲವಣವನ್ನೂ ಹೋದಷ್ಟೇ ಬೇಗ ದೇಹಕ್ಕೆ ಮರಳಿ ತುಂಬಿಸುವ ಕೆಲಸ. ಈ ಕೆಲಸವನ್ನು ಮನೆಯಲ್ಲೇ, ಮೊದಲ ನೀರುಭೇದಿಯಿಂದಲೇ ಆರಂಭಿಸಬಹುದು. ಇಲ್ಲಿನ ಉತ್ತರಗಳು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಮನೆಯವರು ಯಾವಾಗ ಏನು ಮಾಡಬೇಕು, ಯಾವಾಗ ತಡಮಾಡದೆ ಹೊರಡಬೇಕು ಎಂಬುದನ್ನು ತಿಳಿಸುವುದಷ್ಟೇ ಇವುಗಳ ಉದ್ದೇಶ.

ಎಷ್ಟು ಸಲ ಹೋದರೆ ಅದನ್ನು ಭೇದಿ ಎನ್ನಬೇಕು?

ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನೀರಾಗಿ ಅಥವಾ ತೆಳ್ಳಗೆ ಮಲವಿಸರ್ಜನೆಯಾದರೆ ಅದನ್ನು ಭೇದಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಇಲ್ಲಿ ಎಣಿಕೆಗಿಂತ ಮುಖ್ಯವಾದದ್ದು ಆ ವ್ಯಕ್ತಿಯ ಎಂದಿನ ರೂಢಿಯಲ್ಲಿ ಆಗಿರುವ ಬದಲಾವಣೆ. ದಿನಕ್ಕೆ ನಾಲ್ಕು ಸಲ ಗಟ್ಟಿಯಾಗಿಯೇ ಹೋಗುವವರಿಗೆ ಅದು ಭೇದಿಯಲ್ಲ. ಹಾಗೆಯೇ ಎದೆಹಾಲನ್ನು ಮಾತ್ರ ಕುಡಿಯುವ ಎಳೆಯ ಕೂಸು ದಿನಕ್ಕೆ ಹಲವು ಸಲ ಹಳದಿಯಾಗಿ, ಮೆತ್ತಗೆ ಮಲ ಮಾಡುತ್ತಿದ್ದು, ಚೆನ್ನಾಗಿ ಹಾಲು ಕುಡಿದು ತೂಕ ಏರುತ್ತಿದ್ದರೆ ಅದು ಸಹಜ. ಅದಕ್ಕೆ ಯಾವ ಔಷಧಿಯೂ ಬೇಕಿಲ್ಲ.

ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ಇದ್ದು ತಾನಾಗಿ ಕಡಿಮೆಯಾಗುವ ನೀರುಭೇದಿಯೇ ಹೆಚ್ಚು ಜನರನ್ನು ಕಾಡುವುದು. ಮಲದಲ್ಲಿ ರಕ್ತ ಕಂಡರೆ ಅದು ರಕ್ತಭೇದಿ. ಇದಕ್ಕೆ ಬೇರೆಯೇ ಚಿಕಿತ್ಸೆ ಬೇಕಾಗುತ್ತದೆ. 14 ದಿನಕ್ಕೂ ಮೀರಿ ಉಳಿದರೆ ಮನೆಮದ್ದಿನಲ್ಲೇ ಕಾಲ ಕಳೆಯದೆ ತಪಾಸಣೆ ಮಾಡಿಸಬೇಕು.

ಬರೀ ಭೇದಿಯಿಂದ ಜೀವಕ್ಕೆ ಅಪಾಯ ಬರುವುದು ಹೇಗೆ?

ನಾವು ಕುಡಿಯುವ ನೀರು ಮತ್ತು ಜೀರ್ಣಾಂಗಗಳೇ ಸುರಿಸುವ ರಸಗಳು ಸೇರಿ ದೊಡ್ಡವರ ಕರುಳಿಗೆ ದಿನವೊಂದಕ್ಕೆ ಸುಮಾರು 8ರಿಂದ 9 ಲೀಟರ್ ದ್ರವ ಬರುತ್ತದೆ. ಆರೋಗ್ಯವಂತ ಕರುಳು ಅದರಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೆ ಹೀರಿಕೊಂಡು, 100ರಿಂದ 200 ಮಿಲಿಲೀಟರ್‌ನಷ್ಟನ್ನು ಮಾತ್ರ ಮಲದೊಂದಿಗೆ ಹೊರಗೆ ಬಿಡುತ್ತದೆ. ಸೋಂಕಿನಿಂದ ಈ ಹೀರಿಕೆ ಕುಂದಿದಾಗ, ಅಥವಾ ಕಾಲರಾದಲ್ಲಿ ಆಗುವಂತೆ ಕರುಳೇ ನೀರನ್ನು ಸುರಿಸತೊಡಗಿದಾಗ, ನೀರಿನ ಜೊತೆಗೆ ಸೋಡಿಯಂ, ಪೊಟ್ಯಾಶಿಯಂ ಮುಂತಾದ ಲವಣಗಳೂ ಹರಿದುಹೋಗುತ್ತವೆ. ತೀವ್ರ ಕಾಲರಾದಲ್ಲಿ ದೊಡ್ಡವರು ಗಂಟೆಗೆ ಒಂದು ಲೀಟರ್‌ನಷ್ಟು ದ್ರವ ಕಳೆದುಕೊಳ್ಳುವುದುಂಟು. ಆಗ ರಕ್ತದೊತ್ತಡ ಕುಸಿದು, ಮೂತ್ರಪಿಂಡಗಳು ಕೆಲಸ ನಿಲ್ಲಿಸಿ, ಸಾವು ಕೆಲವೇ ಗಂಟೆಗಳ ದೂರದಲ್ಲಿರುತ್ತದೆ.

ಮಕ್ಕಳಿಗೆ ಈ ಅಪಾಯ ಇನ್ನೂ ಬೇಗ ಬರುತ್ತದೆ. ಹತ್ತು ಕಿಲೋ ತೂಕದ ಮಗುವಿನಿಂದ ಒಂದು ಲೀಟರ್ ನೀರು ಹೋಯಿತೆಂದರೆ ದೇಹತೂಕದ ಹತ್ತನೇ ಒಂದು ಭಾಗವೇ ಹೋದಂತೆ, ಮತ್ತು ಅದು ತೀವ್ರ ನಿರ್ಜಲೀಕರಣದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಪ್ರತಿವರ್ಷ ಐದು ವರ್ಷದೊಳಗಿನ 4.4 ಲಕ್ಷದಷ್ಟು ಮಕ್ಕಳು ಭೇದಿಯಿಂದ ತೀರಿಕೊಳ್ಳುತ್ತಾರೆ. ಕೆಲವು ರೂಪಾಯಿಯ ಓಆರ್‌ಎಸ್ (ನೀರಿಗೆ ಬೆರೆಸಿ ಕುಡಿಸುವ ಲವಣ-ಗ್ಲೂಕೋಸ್ ಪುಡಿ) ಪೊಟ್ಟಣದಿಂದ ತಪ್ಪಿಸಬಹುದಾದ ಸಾವುಗಳು ಇವುಗಳಲ್ಲಿ ಬಹಳಷ್ಟಿವೆ ಎಂಬುದು ನೋವಿನ ಸಂಗತಿ.

ಭೇದಿಗೆ ಕಾರಣವೇನು? ‘ಉಷ್ಣ’ ಆಗಿದ್ದರಿಂದ ಬರುತ್ತದೆಯೇ?

ಬಹುತೇಕ ಭೇದಿಗೆ ಕಾರಣ ಬಾಯಿಯ ಮೂಲಕ ಒಳಹೊಕ್ಕ ರೋಗಾಣು. ಚಿಕ್ಕ ಮಕ್ಕಳಲ್ಲಿ ರೋಟಾವೈರಸ್ ಮುಖ್ಯವಾದದ್ದು. ಎಲ್ಲ ವಯಸ್ಸಿನವರಲ್ಲೂ ನೊರೋವೈರಸ್, ಇ. ಕೋಲಿ, ಶಿಗೆಲ್ಲಾ, ಸಾಲ್ಮೊನೆಲ್ಲಾ, ಕಾಲರಾ ಬ್ಯಾಕ್ಟೀರಿಯಾ, ಜಿಯಾರ್ಡಿಯಾ, ಅಮೀಬಾ ಇವೆಲ್ಲ ಕಾರಣವಾಗಬಹುದು. ಇವು ಹರಡುವ ದಾರಿ ಮಾತ್ರ ಒಂದೇ: ಒಬ್ಬರ ಮಲದ ಅಂಶವು ನೀರು, ಆಹಾರ, ನೊಣ ಅಥವಾ ಕೈಯ ಮೂಲಕ ಇನ್ನೊಬ್ಬರ ಬಾಯಿಗೆ ಸೇರುವುದು. ಮದುವೆಯೂಟದ ಅಡುಗೆ ಸೆಕೆಯಲ್ಲಿ ಗಂಟೆಗಟ್ಟಲೆ ಹಾಗೆಯೇ ಇದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷ ಉಂಟಾಗಬಹುದು. ಅಂಥ ಊಟದ ನಂತರ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ.

ಔಷಧಿಗಳೂ ಕಾರಣವಾಗುವುದುಂಟು. ಆಂಟಿಬಯಾಟಿಕ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಮೆಗ್ನೀಸಿಯಂ ಇರುವ ಗ್ಯಾಸ್ಟ್ರಿಕ್ ಔಷಧಿಗಳು ಕೆಲವರಿಗೆ ಭೇದಿ ತರುತ್ತವೆ. ಬೇಸಿಗೆಯಲ್ಲಿ ಭೇದಿ ಹೆಚ್ಚುವುದನ್ನು ನೋಡಿ ‘ಉಷ್ಣ’ ಎನ್ನುವುದು ರೂಢಿ. ಸೆಕೆಯಲ್ಲಿ ಆಹಾರ ಬೇಗ ಕೆಡುವುದು, ನೀರಿನ ಅಭಾವದಿಂದ ಜನ ಸಿಕ್ಕ ನೀರನ್ನೇ ಕುಡಿಯುವುದು ಅದರ ಹಿಂದಿರುವ ನಿಜವಾದ ಕಾರಣಗಳು.

ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದು ಮನೆಯಲ್ಲೇ ಗುರುತಿಸುವುದು ಹೇಗೆ?

ಮಗುವಿನ ನಡವಳಿಕೆಯನ್ನು ಮೊದಲು ಗಮನಿಸಬೇಕು. ಆಟವಾಡುತ್ತ, ಎಂದಿನಂತೆ ಕುಡಿಯುತ್ತ, ಅತ್ತಾಗ ಕಣ್ಣೀರು ಬರುತ್ತಿದ್ದರೆ ಸದ್ಯಕ್ಕೆ ದೊಡ್ಡ ಕೊರತೆ ಆಗಿಲ್ಲವೆಂದು ತಿಳಿಯಬಹುದು. ಮಗು ಕಿರಿಕಿರಿ ಮಾಡುತ್ತಿದ್ದರೆ, ಲೋಟ ಕಂಡೊಡನೆ ಆತುರದಿಂದ ಕುಡಿಯುತ್ತಿದ್ದರೆ, ಕಣ್ಣು ಗುಳಿಬಿದ್ದಂತೆ ತೋರಿದರೆ, ಬಾಯಿ-ನಾಲಿಗೆ ಒಣಗಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗಿದ್ದರೆ ನೀರಿನ ಕೊರತೆ ಶುರುವಾಗಿದೆ. ಮಗು ಮಂಕಾಗಿ, ಎಬ್ಬಿಸಿದರೂ ಸರಿಯಾಗಿ ಏಳದೆ, ಕುಡಿಯಲೂ ಆಗದ ಸ್ಥಿತಿಗೆ ಬಂದರೆ ಅದು ತೀವ್ರ ಕೊರತೆ. ಅಳುತ್ತಿದ್ದ ಮಗು ಸುಮ್ಮನಾಗಿ ಮಲಗಿತೆಂದು ಮನೆಯವರು ಸಮಾಧಾನಪಡುವ ಹೊತ್ತು ಕೆಲವೊಮ್ಮೆ ಇದೇ ಆಗಿರುತ್ತದೆ. ಆದ್ದರಿಂದ ಭೇದಿಯಾಗುತ್ತಿರುವ ಮಗು ನಿದ್ದೆ ಹೋದರೆ ನಡುನಡುವೆ ಮುಟ್ಟಿ, ಎಬ್ಬಿಸಿ ನೋಡಬೇಕು.

ಆರೋಗ್ಯ ಕಾರ್ಯಕರ್ತೆಯರು ಮಾಡುವ ಒಂದು ಸರಳ ಪರೀಕ್ಷೆಯನ್ನು ಮನೆಯವರೂ ಮಾಡಬಹುದು. ಮಗುವನ್ನು ಮಲಗಿಸಿ, ಹೊಕ್ಕುಳಕ್ಕೂ ಪಕ್ಕೆಗೂ ನಡುವಿನ ಜಾಗದಲ್ಲಿ ಹೊಟ್ಟೆಯ ಚರ್ಮವನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೆಲ್ಲಗೆ ಮೇಲೆತ್ತಿ, ಒಂದು ಸೆಕೆಂಡ್ ಹಿಡಿದು ಬಿಡಬೇಕು, ಉಗುರು ತಾಗಬಾರದು. ಚರ್ಮ ತಕ್ಷಣ ಸಮನಾದರೆ ಸರಿ. ಮಡಿಕೆ ಸ್ವಲ್ಪ ಹೊತ್ತು ನಿಂತು ನಿಧಾನವಾಗಿ ಇಳಿದರೆ ಕೊರತೆಯಿದೆ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆ ಹಾಗೆಯೇ ಉಳಿದರೆ ತೀವ್ರ ಕೊರತೆ. ತುಂಬ ಬಡಕಲಾದ ಮಕ್ಕಳಲ್ಲಿ, ದಪ್ಪ ಮಕ್ಕಳಲ್ಲಿ ಮತ್ತು ವಯಸ್ಸಾದವರಲ್ಲಿ ಈ ಪರೀಕ್ಷೆ ದಾರಿ ತಪ್ಪಿಸಬಹುದು. ಅವರಲ್ಲಿ ಎಚ್ಚರ, ಬಾಯಾರಿಕೆ ಮತ್ತು ಮೂತ್ರದ ಪ್ರಮಾಣವನ್ನೇ ನಂಬುವುದು ಮೇಲು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಯಾವುವು?

ಮಂಕು ಕವಿದಿರುವುದು, ಕುಡಿಯಲು ಅಥವಾ ಹಾಲು ಚೀಪಲು ಆಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಫಿಟ್ಸ್ ಬರುವುದು, ಆರು ಗಂಟೆಗೂ ಹೆಚ್ಚು ಕಾಲ ಮೂತ್ರವೇ ಆಗದಿರುವುದು, ಕೈಕಾಲು ತಣ್ಣಗಾಗುವುದು, ಮಲದಲ್ಲಿ ರಕ್ತ, ಹಸಿರು ಬಣ್ಣದ ವಾಂತಿ, ಹೊಟ್ಟೆ ಉಬ್ಬಿ ಗಟ್ಟಿಯಾಗುವುದು, ಅಕ್ಕಿ ತೊಳೆದ ನೀರಿನಂತೆ ಮಲವು ಧಾರೆಯಾಗಿ ಹೋಗುವುದು – ಇವುಗಳಲ್ಲಿ ಒಂದು ಕಂಡರೂ ಹೊರಡಬೇಕು. ಎರಡು ತಿಂಗಳಿಗಿಂತ ಚಿಕ್ಕ ಕೂಸಿಗೆ ಭೇದಿಯಾದರೆ ಬೇರೆ ಲಕ್ಷಣಗಳಿಗಾಗಿ ಕಾಯಬಾರದು. ದೊಡ್ಡವರಲ್ಲಿ ನಿಂತರೆ ತಲೆ ಸುತ್ತಿ ಬೀಳುವಂತಾಗುವುದು, ಮೀನಖಂಡದಲ್ಲಿ ಸೆಳೆತ, ಜೋರು ಜ್ವರ, ತಡೆಯಲಾಗದ ಹೊಟ್ಟೆನೋವು ಇದ್ದರೂ ಹಾಗೆಯೇ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು, ಮತ್ತು ರೋಗಿ ಎಚ್ಚರವಿದ್ದು ನುಂಗಬಲ್ಲವರಾದರೆ ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಲೇ ಇರಬೇಕು.

ಓಆರ್‌ಎಸ್ ಎಂದರೆ ಉಪ್ಪು-ಸಕ್ಕರೆ ನೀರು ತಾನೇ? ಅದಕ್ಕೆ ಅಷ್ಟು ಮಹತ್ವ ಏಕೆ?

ಉಪ್ಪು-ಸಕ್ಕರೆಯ ನೀರು ಹೌದು, ಆದರೆ ಅಳತೆ ತಪ್ಪದ ನೀರು. ಕರುಳಿನ ಒಳಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿ ಒಳಕ್ಕೆ ಹೋಗುವ ಒಂದು ದಾರಿಯಿದೆ. ಅವೆರಡೂ ಹೋದ ಕಡೆಗೆ ನೀರೂ ಹೋಗುತ್ತದೆ. ಕಾಲರಾದಂಥ ಉಗ್ರ ಭೇದಿಯಲ್ಲೂ ಈ ದಾರಿ ಮುಚ್ಚುವುದಿಲ್ಲ. ಆದ್ದರಿಂದಲೇ ಬರಿಯ ನೀರು ಕುಡಿದಾಗ ನಿಲ್ಲದ ದ್ರವವು, ಸರಿಯಾದ ಪ್ರಮಾಣದ ಉಪ್ಪು ಮತ್ತು ಗ್ಲೂಕೋಸ್ ಬೆರೆತಾಗ ದೇಹಕ್ಕೆ ದಕ್ಕುತ್ತದೆ.

ಇದು ಆಸ್ಪತ್ರೆಯ ಹೊರಗೂ, ಡ್ರಿಪ್ ಇಲ್ಲದೆಯೂ ಜೀವ ಉಳಿಸಬಲ್ಲದು ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟವರು ಬಂಗಾಳದ ಮಕ್ಕಳ ತಜ್ಞ ಡಾ. ದಿಲೀಪ್ ಮಹಾಲನಾಬಿಸ್. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ (ಇಂದಿನ ಬಾಂಗ್ಲಾದೇಶ) ಬಂದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ಸಲೈನ್ ಸಾಲದೇ ಹೋದಾಗ, ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ದ್ರಾವಣವನ್ನು ಡ್ರಮ್‌ಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡ ಮರುವರ್ಷ, 2023ರಲ್ಲಿ, ಭಾರತ ಸರ್ಕಾರ ಅವರಿಗೆ ಪದ್ಮವಿಭೂಷಣ ಘೋಷಿಸಿತು. ಆ ಶಿಬಿರದಲ್ಲಿ ದ್ರಾವಣ ಕುಡಿಸಿದವರಲ್ಲಿ ಹೆಚ್ಚಿನವರು ನರ್ಸುಗಳಲ್ಲ, ರೋಗಿಗಳ ತಾಯಂದಿರು, ಅಣ್ಣತಮ್ಮಂದಿರು ಎಂಬುದನ್ನು ಇಂದು ಮನೆಯಲ್ಲಿ ಪೊಟ್ಟಣ ಬಿಡಿಸಲು ಅಳುಕುವವರು ನೆನಪಿಡಬೇಕು.

ಓಆರ್‌ಎಸ್ ಬೆರೆಸುವ ಸರಿಯಾದ ಕ್ರಮ ಯಾವುದು? ಎಷ್ಟು ಕುಡಿಸಬೇಕು?

ಮೊದಲು ಸೋಪಿನಿಂದ ಕೈ ತೊಳೆದು, ಪೊಟ್ಟಣದ ಮೇಲೆ ಎಷ್ಟು ನೀರಿಗೆ ಎಂದು ಬರೆದಿದೆ ಎಂಬುದನ್ನು ಓದಬೇಕು. ದೊಡ್ಡ ಪೊಟ್ಟಣ, ಅಂದರೆ ಸುಮಾರು 20.5 ಗ್ರಾಂ ಪುಡಿ, ಒಂದು ಲೀಟರ್ ನೀರಿಗೆ. ಚಿಕ್ಕ ಪೊಟ್ಟಣ 200 ಮಿಲಿಲೀಟರ್‌ಗೆ. ನೀರನ್ನು ಮೊದಲೇ ಕುದಿಸಿ ಆರಿಸಿ, ಅಳತೆ ಮಾಡಿ ಶುದ್ಧವಾದ ಪಾತ್ರೆಗೆ ಹಾಕಿಕೊಂಡು, ಇಡೀ ಪೊಟ್ಟಣವನ್ನು ಒಮ್ಮೆಗೇ ಸುರಿದು ಪುಡಿ ಪೂರ್ತಿ ಕರಗುವವರೆಗೆ ಕಲಕಬೇಕು. ನೀರಿನ ಅಳತೆಗೆ ಒಂದು ಲೀಟರ್‌ನ ಖಾಲಿ ನೀರಿನ ಬಾಟಲಿ ಸಾಕು.

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ. ಮಗು ಚಿಕ್ಕದು, ಇಷ್ಟೊಂದು ಯಾಕೆ ಎಂದು ಲೀಟರಿನ ಪೊಟ್ಟಣದಿಂದ ಒಂದು ಚಮಚ ಪುಡಿ ತೆಗೆದು ಅರ್ಧ ಲೋಟ ನೀರಿಗೆ ಹಾಕುವವರಿದ್ದಾರೆ. ಉಪ್ಪು ಹೆಚ್ಚಾದ ಅಂಥ ದ್ರಾವಣ ಮಗುವಿನ ರಕ್ತದಲ್ಲಿ ಸೋಡಿಯಂ ಏರಿಸಿ ಫಿಟ್ಸ್ ತರಬಹುದು. ಪೊಟ್ಟಣವನ್ನು ಪಾಲು ಮಾಡಬಾರದು; ಉಳಿದ ದ್ರಾವಣವನ್ನು ಬೇಕಾದರೆ ಚೆಲ್ಲಬಹುದು. ರುಚಿಗಾಗಿ ಸಕ್ಕರೆ, ಹಾಲು, ಹಣ್ಣಿನ ರಸ ಸೇರಿಸಬಾರದು. ಬೆರೆಸಿದ ಮೇಲೆ ಕುದಿಸಬಾರದು. ಮುಚ್ಚಿಟ್ಟ ದ್ರಾವಣವನ್ನು 24 ಗಂಟೆಯೊಳಗೆ ಮುಗಿಸಿ, ಮರುದಿನಕ್ಕೆ ಹೊಸದಾಗಿ ಬೆರೆಸಬೇಕು.

ಪ್ರತಿ ಸಲ ನೀರುಭೇದಿಯಾದ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿಲಿಲೀಟರ್ ಕೊಡಬೇಕು. ಇನ್ನೂ ದೊಡ್ಡವರು ಬೇಕೆನಿಸಿದಷ್ಟು ಕುಡಿಯಬಹುದು. ಈಗಾಗಲೇ ನೀರಿನ ಕೊರತೆಯಾಗಿರುವ ಮಗುವಿಗೆ ಇದು ಸಾಲದು; ಅಂಥ ಮಗುವನ್ನು ಆರೋಗ್ಯ ಕೇಂದ್ರದಲ್ಲಿಟ್ಟುಕೊಂಡು ನಾಲ್ಕು ಗಂಟೆಯ ಅವಧಿಯಲ್ಲಿ ಪ್ರತಿ ಕಿಲೋ ತೂಕಕ್ಕೆ 75 ಮಿಲಿಲೀಟರ್‌ನಂತೆ, ಅಂದರೆ ಹತ್ತು ಕಿಲೋ ಮಗುವಿಗೆ 750 ಮಿಲಿಲೀಟರ್, ಕುಡಿಸುತ್ತಾರೆ. ಓಆರ್‌ಎಸ್ ಕುಡಿದ ಕೂಡಲೇ ಭೇದಿ ನಿಲ್ಲುವುದಿಲ್ಲ. ‘ಕುಡಿಸಿದಷ್ಟೂ ಹೋಗುತ್ತಿದೆ’ ಎಂದು ಕುಡಿಸುವುದನ್ನು ಬಿಟ್ಟರೆ ಕೊರತೆ ಬೆಳೆಯುತ್ತದೆ. ಭೇದಿ ಮುಂದುವರಿದರೂ ಮಗು ಚುರುಕಾಗಿ, ಮೂತ್ರ ಸರಿಯಾಗಿ ಆಗುತ್ತಿದ್ದರೆ ದ್ರಾವಣ ತನ್ನ ಕೆಲಸ ಮಾಡುತ್ತಿದೆ.

ಮಗು ಕುಡಿದದ್ದನ್ನೆಲ್ಲ ವಾಂತಿ ಮಾಡುತ್ತಿದೆ. ಹಾಗಿದ್ದರೂ ಕೊಡಬೇಕೆ?

ಕೊಡಬೇಕು, ಆದರೆ ವಿಧಾನ ಬದಲಾಗಬೇಕು. ಬಾಯಾರಿದ ಮಗು ಒಂದೇ ಗುಟುಕಿನಲ್ಲಿ ಲೋಟ ಮುಗಿಸಿದಾಗ ಹೊಟ್ಟೆ ಹಿಗ್ಗಿ ವಾಂತಿಯಾಗುತ್ತದೆ. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಟ್ಟು, ನಂತರ ಒಂದೆರಡು ನಿಮಿಷಕ್ಕೊಂದು ಟೀ ಚಮಚದಂತೆ ಬಾಯಿಗೆ ಹಾಕುತ್ತ ಹೋಗಬೇಕು. ನಿಮಿಷಕ್ಕೊಂದು ಚಮಚವೆಂದರೆ ಗಂಟೆಗೆ ಸುಮಾರು 300 ಮಿಲಿಲೀಟರ್ ಆಯಿತು. ತಾಳ್ಮೆಯ ಈ ಚಮಚ ಎಷ್ಟೋ ಮಕ್ಕಳಿಗೆ ಡ್ರಿಪ್ ಹಾಕಿಸುವ ಅಗತ್ಯವನ್ನು ತಪ್ಪಿಸುತ್ತದೆ. ಬಾಟಲಿಯ ಬದಲು ಚಮಚ ಅಥವಾ ಒಳಲೆ ಬಳಸಬೇಕು. ಹೀಗೆ ಕೊಟ್ಟರೂ ವಾಂತಿ ನಿಲ್ಲದಿದ್ದರೆ ವೈದ್ಯರು ವಾಂತಿ ತಡೆಯುವ ಔಷಧಿಯನ್ನು ತೂಕ ನೋಡಿ ಕೊಡುತ್ತಾರೆ. ಅದನ್ನು ಅಂಗಡಿಯಿಂದ ತಾವೇ ತಂದು ಹಾಕಬಾರದು.

ರಾತ್ರಿ ಹೊತ್ತಿನಲ್ಲಿ ಪೊಟ್ಟಣ ಸಿಗದಿದ್ದರೆ ಏನು ಮಾಡಬೇಕು?

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಬೇಕು. ಚಮಚ ಗೋಪುರವಾಗಿರದೆ ಮಟ್ಟಸವಾಗಿರಬೇಕು. ಕುಡಿಸುವ ಮುನ್ನ ಒಂದು ಹನಿ ನಾಲಿಗೆಗೆ ಇಟ್ಟು ನೋಡಿ. ಅದು ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಬೇಕು. ಇದರಲ್ಲಿ ಪೊಟಾಶಿಯಂ ಇಲ್ಲದ ಕಾರಣ ಬೆಳಗಾಗುತ್ತಲೇ ಪೊಟ್ಟಣ ತರಿಸುವುದು ಒಳ್ಳೆಯದು. ಆಶಾ ಕಾರ್ಯಕರ್ತೆಯರಲ್ಲಿ, ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದು ಉಚಿತವಾಗಿ ಸಿಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎರಡು ಪೊಟ್ಟಣ ಸದಾ ಇದ್ದರೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಔಷಧಿ ಅಂಗಡಿಯಲ್ಲಿ ಸಿಗುವ, ಹಣ್ಣಿನ ರುಚಿಯ ಡಬ್ಬಿ ಪಾನೀಯಗಳು ಓಆರ್‌ಎಸ್ ಅಲ್ಲವೇ?

ಹೆಸರಿನಲ್ಲಿ ಓಆರ್‌ಎಸ್ ಎಂಬ ಅಕ್ಷರಗಳಿದ್ದ ಎಷ್ಟೋ ಸಿಹಿ ಪಾನೀಯಗಳು ವರ್ಷಗಟ್ಟಲೆ ಔಷಧಿ ಅಂಗಡಿಗಳಲ್ಲಿ ಮಾರಾಟವಾದವು. ನಿಜವಾದ ದ್ರಾವಣದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇದ್ದರೆ, ಅವುಗಳಲ್ಲಿ ಸಕ್ಕರೆ ಅದರ ಹಲವು ಪಟ್ಟು, ಲವಣ ತೀರ ಕಡಿಮೆ. ಹೆಚ್ಚಾದ ಸಕ್ಕರೆ ಕರುಳಿನೊಳಕ್ಕೆ ಇನ್ನಷ್ಟು ನೀರನ್ನು ಎಳೆದು ಭೇದಿಯನ್ನು ಬೆಳೆಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ಇದರ ವಿರುದ್ಧ ವರ್ಷಗಳ ಕಾಲ ಹೋರಾಡಿದ ನಂತರ, ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಆಹಾರ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಬಳಸಬಾರದೆಂದು ಆದೇಶಿಸಿತು. ಆದರೂ ಕೊಳ್ಳುವವರು ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಿಸಿದ್ದು ಎಂಬ ಸಾಲನ್ನು ಓದಿ ನೋಡಿಯೇ ಕೊಳ್ಳಬೇಕು.

ಎಳನೀರು, ಮಜ್ಜಿಗೆ, ಗಂಜಿ, ಗ್ಲೂಕೋಸ್ ಪುಡಿ – ಇವುಗಳಲ್ಲಿ ಯಾವುದು ಒಳ್ಳೆಯದು?

ಉಪ್ಪು ಹಾಕಿದ ಅಕ್ಕಿ ಗಂಜಿ, ಉಪ್ಪು ಹಾಕಿದ ನೀರು ಮಜ್ಜಿಗೆ, ಬೇಳೆಕಟ್ಟು ಇವು ಓಆರ್‌ಎಸ್ ಜೊತೆಗೆ ಕೊಡಲು ಬಹಳ ಒಳ್ಳೆಯವು. ಎಳನೀರಿನಲ್ಲಿ ಪೊಟಾಶಿಯಂ ಧಾರಾಳವಾಗಿದೆ, ಸೋಡಿಯಂ ಕಡಿಮೆ. ಆದ್ದರಿಂದ ಅದು ಪೂರಕವೇ ಹೊರತು ಓಆರ್‌ಎಸ್‌ಗೆ ಬದಲಿಯಲ್ಲ, ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಕುಡಿಯಬಾರದು. ಗ್ಲೂಕೋಸ್ ಪುಡಿಯ ನೀರು, ತಂಪು ಪಾನೀಯ, ಬಾಟಲಿಯ ಜ್ಯೂಸ್ ಬೇಡ. ನಿಂಬೆರಸ ಹಿಂಡಿದ ಕಪ್ಪು ಕಾಫಿಯನ್ನು ಮದ್ದೆಂದು ಕುಡಿಯುವ ರೂಢಿಯೂ ಇದೆ. ಕೆಫೀನ್ ಕರುಳಿನ ಚಲನೆಯನ್ನು ಹೆಚ್ಚಿಸುವುದರಿಂದ ಅದರಿಂದ ಪ್ರಯೋಜನವಿಲ್ಲ.

ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ ಏಕೆ ಕೊಡಬೇಕು?

ಭೇದಿಯಲ್ಲಿ ಮಗು ಜಿಂಕ್ ಕಳೆದುಕೊಳ್ಳುತ್ತದೆ. ಕರುಳಿನ ಒಳಪದರ ಮತ್ತೆ ಬೆಳೆಯಲು ಅದು ಬೇಕು. ಆರು ತಿಂಗಳು ಮೀರಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನ ಒಂದು ಮಾತ್ರೆ, ಎರಡರಿಂದ ಆರು ತಿಂಗಳ ಮಗುವಿಗೆ ಅರ್ಧ ಮಾತ್ರೆ, ಒಟ್ಟು 14 ದಿನ ಕೊಡಬೇಕು. ಚಮಚದಲ್ಲಿ ಎದೆಹಾಲು ಅಥವಾ ಕುದಿಸಿ ಆರಿಸಿದ ನೀರು ಹಾಕಿ, ಮಾತ್ರೆ ಕರಗಿದ ಮೇಲೆ ಕುಡಿಸಬಹುದು. ಇದು ಈಗಿನ ಭೇದಿಯ ಅವಧಿಯನ್ನು ಕಡಿಮೆ ಮಾಡುತ್ತದೆ, ಮುಂದಿನ ಎರಡು ಮೂರು ತಿಂಗಳಲ್ಲಿ ಮತ್ತೆ ಭೇದಿಯಾಗುವ ಸಂಭವವನ್ನೂ ತಗ್ಗಿಸುತ್ತದೆ. ಮೂರನೇ ದಿನ ಮಗು ಹುಷಾರಾಯಿತೆಂದು ನಿಲ್ಲಿಸಿದರೆ ಈ ಎರಡನೆಯ ಲಾಭ ಕೈತಪ್ಪುತ್ತದೆ.

ಹೊಟ್ಟೆಗೆ ವಿಶ್ರಾಂತಿ ಕೊಡಲು ಊಟ ನಿಲ್ಲಿಸಬೇಕೆ? ಎದೆಹಾಲು ಮತ್ತು ಹಸುವಿನ ಹಾಲಿನ ವಿಷಯವೇನು?

ಊಟ ನಿಲ್ಲಿಸಬಾರದು. ಲಂಘನ ಮಾಡಿಸಿದರೆ ಕರುಳು ಬೇಗ ವಾಸಿಯಾಗುವುದಿಲ್ಲ, ಮಗು ಮಾತ್ರ ಸೊರಗುತ್ತದೆ. ಸೊರಗಿದ ಮಗುವಿಗೆ ಮುಂದಿನ ಭೇದಿ ಇನ್ನೂ ಜೋರಾಗಿ ಬರುತ್ತದೆ, ಆ ಭೇದಿ ಮಗುವನ್ನು ಇನ್ನಷ್ಟು ಸೊರಗಿಸುತ್ತದೆ. ಮೆತ್ತಗೆ ಬೆಂದ ಅನ್ನ ಮತ್ತು ಹೆಸರುಬೇಳೆ, ಮೊಸರನ್ನ, ಇಡ್ಲಿ, ರಾಗಿ ಸರಿ, ಮಾಗಿದ ಬಾಳೆಹಣ್ಣು ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಅನ್ನಕ್ಕೆ ಒಂದು ಚಮಚ ತುಪ್ಪ ಅಥವಾ ಎಣ್ಣೆ ಹಾಕುವುದರಿಂದ ಶಕ್ತಿ ಸಿಗುತ್ತದೆ, ತೊಂದರೆಯಾಗುವುದಿಲ್ಲ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚುವರಿ ಊಟ ಕೊಟ್ಟರೆ ಇಳಿದ ತೂಕ ಮರಳುತ್ತದೆ.

ಎದೆಹಾಲನ್ನು ಎಂದಿಗಿಂತ ಹೆಚ್ಚು ಸಲ ಕೊಡಬೇಕು. ತಾಯಿ ತಿಂದ ಪದಾರ್ಥದಿಂದ ಹಾಲು ಕೆಟ್ಟು ಮಗುವಿಗೆ ಭೇದಿಯಾಯಿತೆಂದು ಬಾಣಂತಿಗೆ ಪಥ್ಯ ಬಿಗಿಗೊಳಿಸಿ, ಹಾಲು ಬಿಡಿಸುವುದು ಮಗುವಿಗೂ ತಾಯಿಗೂ ಅನ್ಯಾಯ. ಹಸುವಿನ ಹಾಲು ಕುಡಿಯುತ್ತಿದ್ದ ದೊಡ್ಡ ಮಗು ಅದನ್ನು ಮುಂದುವರಿಸಬಹುದು, ನೀರು ಬೆರೆಸುವ ಅಗತ್ಯವಿಲ್ಲ. ಭೇದಿ ವಾರ ದಾಟಿ ಹಾಲು ಕುಡಿದಾಗಲೆಲ್ಲ ಹೊಟ್ಟೆ ಉಬ್ಬರಿಸಿ ಹುಳಿವಾಸನೆಯ ಭೇದಿಯಾದರೆ, ಲ್ಯಾಕ್ಟೋಸ್ (ಹಾಲಿನಲ್ಲಿರುವ ಸಕ್ಕರೆ) ಅರಗಿಸುವ ಶಕ್ತಿ ತಾತ್ಕಾಲಿಕವಾಗಿ ಕುಂದಿರಬಹುದು. ಆಗ ಮೊಸರು ಒಗ್ಗುತ್ತದೆ. ಹಾಲುಣಿಸುವ ಬಾಟಲಿಯ ನಿಪ್ಪಲ್‌ನ ಒಳಗೆ ಅಂಟಿಕೊಳ್ಳುವ ಹಾಲಿನ ಜಿಡ್ಡನ್ನು ಪೂರ್ತಿ ತೊಳೆಯುವುದು ಕಷ್ಟ, ಆದ್ದರಿಂದ ಬಾಟಲಿಯನ್ನೇ ಬಿಡುವುದು ಉತ್ತಮ.

ಭೇದಿ ನಿಲ್ಲಿಸುವ ಮಾತ್ರೆ, ಆಂಟಿಬಯಾಟಿಕ್ ತೆಗೆದುಕೊಳ್ಳಬಹುದೇ?

ಲೋಪೆರಮೈಡ್ ಮಾದರಿಯ ಮಾತ್ರೆ ಕರುಳಿನ ಚಲನೆಯನ್ನು ತಗ್ಗಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ಮಕ್ಕಳಿಗೆ ಅದನ್ನು ಕೊಡಬಾರದು. ಕರುಳು ಸ್ತಬ್ಧವಾಗಿ ಹೊಟ್ಟೆ ಉಬ್ಬಿ ಪ್ರಾಣಕ್ಕೇ ಅಪಾಯವಾಗಬಹುದು. ದೊಡ್ಡವರು ಅನಿವಾರ್ಯ ಪ್ರಯಾಣದಂಥ ಸಂದರ್ಭದಲ್ಲಿ, ಜ್ವರವೂ ಮಲದಲ್ಲಿ ರಕ್ತವೂ ಇಲ್ಲದಿದ್ದರೆ, ಅಲ್ಪಾವಧಿಗೆ ತೆಗೆದುಕೊಳ್ಳಬಹುದು.

ಆಂಟಿಬಯಾಟಿಕ್ ಬೇಕಾಗುವುದು ಮುಖ್ಯವಾಗಿ ರಕ್ತಭೇದಿ, ಕಾಲರಾ ಮತ್ತು ಪರೀಕ್ಷೆಯಲ್ಲಿ ಖಚಿತವಾದ ಕೆಲವು ಸೋಂಕುಗಳಿಗೆ ಮಾತ್ರ. ಎರಡು ಔಷಧಿಗಳನ್ನು ಸೇರಿಸಿದ, ‘ಲೂಸ್ ಮೋಷನ್ ಮಾತ್ರೆ’ ಎಂದೇ ಅಂಗಡಿಯಲ್ಲಿ ಕೇಳಿ ಪಡೆಯುವ ಮಾತ್ರೆಗಳು ವೈರಸ್ ಭೇದಿಗೆ ಏನೂ ಮಾಡುವುದಿಲ್ಲ. ಎರಡು ಮೂರು ದಿನದಲ್ಲಿ ಭೇದಿ ತಾನಾಗಿ ನಿಲ್ಲುತ್ತದೆ, ಕೀರ್ತಿ ಮಾತ್ರೆಗೆ ಹೋಗುತ್ತದೆ, ಇತ್ತ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ.

ಹಲ್ಲು ಬರುವಾಗ ಭೇದಿಯಾಗುವುದು ಸಹಜವೇ? ನೆತ್ತಿ ಗುಳಿಬಿದ್ದರೆ ಎಣ್ಣೆ ಹಾಕಬೇಕೆ?

ಹಲ್ಲು ಮೂಡುವುದರಿಂದ ಭೇದಿಯಾಗುವುದಿಲ್ಲ. ಆ ವಯಸ್ಸಿನಲ್ಲಿ ಮಗು ಅಂಬೆಗಾಲಿಟ್ಟು, ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಮೇಲಿನ ಆಹಾರವೂ ಶುರುವಾಗಿರುತ್ತದೆ. ಸೋಂಕು ಬರುವುದು ಅಲ್ಲಿಂದ. ‘ಹಲ್ಲಿನ ಭೇದಿ’ ಎಂದು ಸುಮ್ಮನಿದ್ದರೆ ಅಮೂಲ್ಯ ಸಮಯ ಹೋಗುತ್ತದೆ.

ಕೂಸಿನ ನೆತ್ತಿ ಒಳಕ್ಕೆ ಇಳಿದಂತೆ ಕಂಡರೆ ಅದು ದೇಹದಲ್ಲಿ ನೀರು ಕಡಿಮೆಯಾದ ಗುರುತು. ನೆತ್ತಿಗೆ ಎಣ್ಣೆ ಒತ್ತುವುದರಿಂದ ಅದು ಮೇಲೇಳುವುದಿಲ್ಲ. ಓಆರ್‌ಎಸ್ ಕುಡಿಸುತ್ತ ಆಸ್ಪತ್ರೆಗೆ ಕರೆದೊಯ್ಯಬೇಕು. ಬಾಯಿಯೊಳಗಿನ ಅಂಗುಳನ್ನು ಬೆರಳಿನಿಂದ ಎತ್ತುವುದು, ಹೊಟ್ಟೆಗೆ ಬರೆ ಹಾಕುವುದು ಖಂಡಿತ ಕೂಡದು. ಜಾಜಿಕಾಯಿ ತೇದು ನೆಕ್ಕಿಸುವವರು ತಿಳಿಯಬೇಕಾದದ್ದು, ಅದರ ಪ್ರಮಾಣ ಹೆಚ್ಚಾದರೆ ಮಗುವಿಗೆ ಮಂಪರು ಕವಿಯುತ್ತದೆ, ಆಗ ಆ ಮಂಪರು ಜಾಜಿಕಾಯಿಯದೋ ನೀರಿನ ಕೊರತೆಯದೋ ಎಂದು ಯಾರಿಗೂ ಹೇಳಲಾಗುವುದಿಲ್ಲ. ದೃಷ್ಟಿ ತೆಗೆಯುವುದು ಮನೆಯವರ ನಂಬಿಕೆ. ತೆಗೆಯುವವರು ತೆಗೆಯಲಿ, ಆ ಹೊತ್ತಿಗೇ ಇನ್ನೊಬ್ಬರು ಚಮಚದಲ್ಲಿ ಓಆರ್‌ಎಸ್ ಕುಡಿಸುತ್ತಿರಲಿ.

ಸಕ್ಕರೆ ಕಾಯಿಲೆ, ಬಿಪಿ ಇರುವವರು, ಗರ್ಭಿಣಿಯರು, ವಯಸ್ಸಾದವರು ಏನು ಗಮನಿಸಬೇಕು?

ಸಕ್ಕರೆ ಕಾಯಿಲೆ ಇರುವವರೂ ಭೇದಿಯಾದಾಗ ಓಆರ್‌ಎಸ್ ಕುಡಿಯಬೇಕು. ಅದರಲ್ಲಿರುವ ಗ್ಲೂಕೋಸ್‌ನ ಭಯಕ್ಕೆ ಬರಿಯ ನೀರು ಕುಡಿಯುವುದು ಹೆಚ್ಚು ಅಪಾಯಕರ. ರಕ್ತದ ಸಕ್ಕರೆಯನ್ನು ಎಂದಿಗಿಂತ ಹೆಚ್ಚು ಸಲ ಪರೀಕ್ಷಿಸಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿಯೇ ಅದನ್ನು ನಿಲ್ಲಿಸಬಾರದು. ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ಬಿಪಿ ಮಾತ್ರೆಗಳು, ಮೆಟ್‌ಫಾರ್ಮಿನ್ ಮುಂತಾದವು ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ಹೊರೆಯಾಗಬಹುದು ಅಥವಾ ಬೇರೆ ತೊಡಕು ತರಬಹುದು. ಆದ್ದರಿಂದ ಭೇದಿ ಜೋರಾಗಿದ್ದ ದಿನವೇ ವೈದ್ಯರಿಗೆ ಕರೆ ಮಾಡಿ, ಯಾವುದನ್ನು ಎಷ್ಟು ದಿನ ತಡೆಹಿಡಿಯಬೇಕೆಂದು ಕೇಳಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದಾಗಿ ನೀರಿನ ಮಿತಿ ಹೇಳಿಸಿಕೊಂಡಿರುವವರಿಗೂ ಈ ಮಾತು ಅನ್ವಯಿಸುತ್ತದೆ.

ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದೇ ಕಡಿಮೆ. ರಾತ್ರಿ ಬಚ್ಚಲಿಗೆ ಮತ್ತೆ ಮತ್ತೆ ಎದ್ದು ಹೋಗುವುದು ಕಷ್ಟವೆಂದು ಕುಡಿಯುವುದನ್ನೇ ಬಿಡುವ ಅಜ್ಜ-ಅಜ್ಜಿಯರಿದ್ದಾರೆ. ಅವರ ಪಕ್ಕದಲ್ಲಿ ಕೂತು ಕುಡಿಸಬೇಕು. ಬಹುದಿನದ ಮಲಬದ್ಧತೆ ಇರುವ ವೃದ್ಧರಲ್ಲಿ ಗಟ್ಟಿ ಮಲ ಕೆಳಗೆ ಸಿಕ್ಕಿಕೊಂಡು ಅದರ ಸುತ್ತಲಿಂದ ನೀರುಮಲ ಸೋರುವುದುಂಟು. ಅದನ್ನು ಭೇದಿಯೆಂದು ತಿಳಿದು ನಿಲ್ಲಿಸುವ ಮಾತ್ರೆ ಕೊಟ್ಟರೆ ಸ್ಥಿತಿ ಬಿಗಡಾಯಿಸುತ್ತದೆ. ಗರ್ಭಿಣಿಯರಿಗೆ ಓಆರ್‌ಎಸ್ ಸಂಪೂರ್ಣ ಸುರಕ್ಷಿತ. ಉಳಿದ ಔಷಧಿ ವೈದ್ಯರ ಸಲಹೆಯಿಂದಲೇ.

ತಿಂಗಳುಗಟ್ಟಲೆ ಭೇದಿ ಬಿಡದಿದ್ದರೆ?

ದೊಡ್ಡವರಲ್ಲಿ ನಾಲ್ಕು ವಾರ ದಾಟಿದ ಭೇದಿಯ ಹಿಂದೆ ಕರುಳಿನ ಉರಿಯೂತ, ಕರುಳಿನ ಕ್ಷಯ, ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ, ಥೈರಾಯ್ಡ್ ಹೆಚ್ಚಳ, ಲ್ಯಾಕ್ಟೋಸ್ ಒಗ್ಗದಿರುವುದು, ಔಷಧಿಗಳ ಅಡ್ಡಪರಿಣಾಮ ಇವುಗಳಲ್ಲಿ ಯಾವುದಾದರೂ ಇರಬಹುದು. ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಮಲದಲ್ಲಿ ರಕ್ತ, ಐವತ್ತು ದಾಟಿದ ಮೇಲೆ ಹೊಸದಾಗಿ ಬದಲಾದ ಮಲದ ರೂಢಿ ಇದ್ದರೆ ತಜ್ಞರನ್ನು ಕಾಣಬೇಕು. ಒತ್ತಡದ ದಿನಗಳಲ್ಲಿ ಹೆಚ್ಚಿ, ರಾತ್ರಿ ಕಾಡದ, ತೂಕ ಇಳಿಸದ ತೊಂದರೆ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್ ಎಂಬ, ಕರುಳಿನ ಕಾರ್ಯದಲ್ಲಿನ ಏರುಪೇರು) ಇರಬಹುದು. ಅದನ್ನೂ ವೈದ್ಯರೇ ನಿರ್ಧರಿಸಲಿ.

ನಮ್ಮ ಬೀದಿಯಲ್ಲಿ ಹಲವರಿಗೆ ಒಟ್ಟಿಗೆ ವಾಂತಿ-ಭೇದಿಯಾಗಿದೆ. ಏನು ಮಾಡಬೇಕು?

ಕುಡಿಯುವ ನೀರನ್ನೇ ಮೊದಲು ಶಂಕಿಸಬೇಕು. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, 2024ರಲ್ಲಿ ಮೈಸೂರು ತಾಲ್ಲೂಕಿನ ಸಾಲುಂಡಿಯಲ್ಲಿ ವಾಂತಿ-ಭೇದಿ ಹಬ್ಬಿ ಜೀವಗಳು ಹೋದಾಗ ಬೆರಳು ತೋರಿದ್ದು ಕುಡಿಯುವ ನೀರಿನತ್ತಲೇ. ಚರಂಡಿಯ ಪಕ್ಕದಲ್ಲೋ ಒಳಗೋ ಹಾದುಹೋಗುವ ಪೈಪು ಒಡೆದಿದ್ದರೆ, ನೀರು ಬಿಟ್ಟಾಗ ಅದು ಹೊರಗೆ ಸೋರುತ್ತದೆ. ನೀರು ನಿಂತ ಮೇಲೆ ಪೈಪಿನೊಳಗೆ ಒತ್ತಡ ಕುಸಿದು ಸುತ್ತಲಿನ ಕೊಳಚೆ ಒಳಗೆ ಬರುತ್ತದೆ. ದಿನ ಬಿಟ್ಟು ದಿನ ನೀರು ಬರುವ ಊರುಗಳಲ್ಲಿ ಈ ಅಪಾಯ ಹೆಚ್ಚು.

ಒಂದೇ ಬೀದಿಯ ಎರಡು ಮೂರು ಮನೆಗಳಲ್ಲಿ ಭೇದಿ ಕಂಡ ದಿನವೇ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಪಂಚಾಯಿತಿ ಅಥವಾ ನಗರಸಭೆಗೆ ತಿಳಿಸಬೇಕು. ನೀರಿನ ಮತ್ತು ಮಲದ ಮಾದರಿ ಎಷ್ಟು ಬೇಗ ಪ್ರಯೋಗಾಲಯ ತಲುಪುತ್ತದೋ ಅಷ್ಟು ಬೇಗ ಮೂಲ ಸಿಗುತ್ತದೆ. ಅಲ್ಲಿಯವರೆಗೆ ಆ ನಲ್ಲಿಯ ನೀರನ್ನು ಕುಡಿಯುವುದನ್ನು ನಿಲ್ಲಿಸಿ, ಬೇರೆ ಕಡೆಯ ನೀರನ್ನೂ ಬುರುಬುರು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿಯೇ ಬಳಸಬೇಕು. ಕ್ಲೋರಿನ್ ಮಾತ್ರೆ ಹಾಕಿದರೆ ಅರ್ಧ ಗಂಟೆ ಕಾಯಬೇಕು. ಸರಬರಾಜಿನ ನೀರು ನಲ್ಲಿಗೆ ಬಂದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಮ್ಮ ದೇಶದ ಮಾನದಂಡ. ಅದನ್ನು ಪರೀಕ್ಷಿಸಿ ತೋರಿಸಿ ಎಂದು ಕೇಳುವುದು ನಿವಾಸಿಗಳ ಹಕ್ಕು.

ರೋಟಾವೈರಸ್ ಲಸಿಕೆ ಹಾಕಿಸಿದರೆ ಭೇದಿಯೇ ಬರುವುದಿಲ್ಲವೇ?

ಬೇರೆ ರೋಗಾಣುಗಳಿಂದ ಬರಬಹುದು. ಆದರೆ ಮಗುವನ್ನು ಆಸ್ಪತ್ರೆಗೆ ಸೇರಿಸುವಂಥ ರೋಟಾವೈರಸ್ ಭೇದಿಯ ಸಂಭವ ಬಹಳ ಕಡಿಮೆಯಾಗುತ್ತದೆ. ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ 2016ರಲ್ಲಿ ಕೆಲವು ರಾಜ್ಯಗಳಿಂದ ಆರಂಭವಾಗಿ 2019ರಲ್ಲಿ ದೇಶದಾದ್ಯಂತ ವಿಸ್ತರಿಸಿದ ಈ ಲಸಿಕೆಯನ್ನು 6, 10 ಮತ್ತು 14ನೇ ವಾರದಲ್ಲಿ ಬಾಯಿಯ ಮೂಲಕ ಉಚಿತವಾಗಿ ಕೊಡುತ್ತಾರೆ.

ಮನೆಯ ಉಳಿದವರಿಗೆ ಹರಡದಂತೆ ತಡೆಯುವುದು ಹೇಗೆ? ಮಗುವನ್ನು ಯಾವಾಗ ಶಾಲೆಗೆ ಕಳಿಸಬಹುದು?

ಶೌಚದ ನಂತರ, ಮಗುವಿನ ಕುಂಡೆ ತೊಳೆಸಿದ ನಂತರ, ಅಡುಗೆಗೆ ಮುನ್ನ, ಉಣಿಸುವ ಮುನ್ನ ಸೋಪಿನಿಂದ ಕೈ ತೊಳೆಯಬೇಕು. ಸ್ಯಾನಿಟೈಸರ್ ನೊರೋವೈರಸ್‌ಗೆ ಸಾಲದು. ಚಿಕ್ಕ ಮಗುವಿನ ಮಲವೂ ಸೋಂಕು ಹರಡಬಲ್ಲದು, ಅದನ್ನು ಅಂಗಳಕ್ಕೆ ಎಸೆಯದೆ ಶೌಚಾಲಯಕ್ಕೇ ಹಾಕಬೇಕು. ಕುಡಿಯುವ ನೀರಿನ ಬಿಂದಿಗೆಗೆ ಕೈ ಅದ್ದದಂತೆ ಹಿಡಿಕೆಯಿರುವ ಸೌಟು ಇಡಬೇಕು. ಭೇದಿಯಾಗಿರುವವರು ಮನೆಯವರಿಗೆ ಅಡುಗೆ ಮಾಡಬಾರದು. ಕೊನೆಯ ಸಲ ವಾಂತಿ ಅಥವಾ ಭೇದಿಯಾಗಿ 48 ಗಂಟೆ ಕಳೆದ ಮೇಲೆ ಮಗುವನ್ನು ಶಾಲೆಗೆ ಅಥವಾ ಅಂಗನವಾಡಿಗೆ ಕಳಿಸಬಹುದು. ಜಿಂಕ್ ಮಾತ್ರೆ ಆಗಲೂ ಮುಂದುವರಿಯಲಿ.